ಕಾಲರ್ ಸರಿಮಾಡುವವರು

ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಾದ ಮೇಲೆ ಕಾಲರನ್ನು ಸರಿಮಾಡಿಕೊಳ್ಳಬೇಕೋ ಹಾಗೇ ಬಿಡಬೇಕೋ ಎಂದು ಅವನಿಗೆ ತಿಳಿಯಲಿಲ್ಲ. ಕನ್ನಡಿಯ ಮುಂದೆ ನಿಂತು ಎಷ್ಟು ಹೊತ್ತಾಗಿತ್ತೋ. ಅರವತ್ತು ದಾಟಿದ ಗಂಡಸು, ಎದುರಿಗೆ ಸಿಕ್ಕವರು ಸಾಹಿತಿಗಳು ಎಂದು ಕೈಮುಗಿದು ದಾರಿ ಬಿಡುವಂಥವನು, ಅಂಗೈಯಗಲದ ಬಟ್ಟೆಯ ಎದುರು ಹೀಗೆ ಪೆಚ್ಚಾಗಿ ನಿಲ್ಲುವುದೇ, ಥೂ, ಎಂದುಕೊಂಡ. ಎಡಗಡೆಯ ತುದಿ ಒಳಕ್ಕೆ ಮಡಚಿಕೊಂಡಿತ್ತು. ಬೆರಳು ಅಲ್ಲಿಯವರೆಗೆ ಹೋಗಿ ವಾಪಸು ಬಂತು. ಕನ್ನಡಿಯೊಳಗೆ ಅವನ ಹೆಗಲಿನ ಹಿಂದೆ ಕಿಟಕಿ, ಕಿಟಕಿಯಾಚೆ ಎದುರುಗೋಡೆ, ಗೋಡೆಯ ಮೇಲೆ ಆಳೆತ್ತರದ ಪೋಸ್ಟರು. ಪೋಸ್ಟರಿಗೆ ಬರೆಸಿದ ಬಣ್ಣದ ಚಿತ್ರದಲ್ಲಿ ಹಲ್ಲಿನ ಡಾಕ್ಟರು ಒಬ್ಬ ಮುದಿ ಹಮಾಲಿಯ ಕಾಲರನ್ನು ಎರಡೂ ಕೈಯಿಂದ ಹಿಡಿದು ಸರಿಮಾಡುತ್ತ ನಗುತ್ತಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಅವನದೇ ಮಾತು: ಇನ್ನೊಬ್ಬರ ಕಾಲರ್ ಸರಿಮಾಡುವ ಕೈಗೆ ನಮ್ಮ ಊರನ್ನು ಕೊಡೋಣ. ಅದರ ಕೆಳಗೆ ಅವನ ಹೆಸರು. "ಸಭೆ ಇರೋದು ಸಂಜೆಗಲ್ವಾ? ಬೆಳಿಗ್ಗೆಯಿಂದಾನೇ ಏನು ಸಿಂಗಾರ, ಓಟಿಗೆ ನಿಂತಿರೋದು ನೀವೋ ಅವರೋ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅವನು ಕಿಟಕಿ ಮುಚ್ಚಿದ. ಕಾಲರು ಹಾಗೇ ಉಳಿಯಿತು.

ಆ ಹಮಾಲಿಯ ಕಾಲರನ್ನು ಹಲ್ಲಿನ ಡಾಕ್ಟರು ಸರಿಮಾಡಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಅದು ನಡೆದೇ ಇರಲಿಲ್ಲ. ಚುನಾವಣೆಗೆ ನಿಂತ ಡಾಕ್ಟರ ಪರವಾಗಿ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ಪ್ರಚಾರದ ಉಸ್ತುವಾರಿ ಹೊತ್ತ ಹೆಂಗಸು ಬಂದು ಕೇಳಿದಾಗ ಅವನು ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದ. ಒಪ್ಪದೆ ಏನು? ಇನ್ನೊಂದು ಕಡೆ ನಿಂತವನು ಲೈಬ್ರರಿಯನ್ನು ಕೆಡವಿ ಲಾರಿ ನಿಲ್ಲಿಸುವ ಜಾಗ ಮಾಡಿದ ಗುತ್ತಿಗೆದಾರ. ಅದನ್ನು ತಡೆಯಲು ಬುಲ್ಡೋಜರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಇದೇ ಡಾಕ್ಟರು. ಬರೆಯಬೇಕಾದದ್ದು ಎಲ್ಲ ನಿಜವೇ ಇತ್ತು, ಬೇಕಾದಷ್ಟಿತ್ತು. ಆದರೆ ಬರೆದು ಓದಿಕೊಂಡರೆ ಡಾಕ್ಟರು ಪುಟದ ಮೇಲೆ ಎದ್ದು ನಿಲ್ಲಲೊಲ್ಲರು. ಒಳ್ಳೆಯವರು, ಅಷ್ಟೆ. ಒಳ್ಳೆಯವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಾದಂಬರಿಯಲ್ಲಿ ಒಬ್ಬ ಮನುಷ್ಯ ಹೀಗೆ ಮೊಂಡು ಹಿಡಿದು ಮಲಗಿಬಿಟ್ಟಾಗ ಅವನು ಮಾಡುತ್ತಿದ್ದುದು ಒಂದೇ: ಮನೆಯಿಂದ ಏನಾದರೊಂದು ತಂದು ಆ ಪಾತ್ರದ ಮೈಗೆ ಹಾಕುವುದು. ಅಮ್ಮ ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ರೀತಿ ಒಬ್ಬ ವಕೀಲನಿಗೆ ಹೋಗಿತ್ತು. ಅಕ್ಕ ದಾರವನ್ನು ಹಲ್ಲಿನಲ್ಲಿ ಕತ್ತರಿಸಿ ತುದಿಯನ್ನು ನಾಲಿಗೆಯಿಂದ ಚೂಪು ಮಾಡುವುದು ಒಬ್ಬ ವಿಧವೆಗೆ ಹೋಗಿತ್ತು. ಅಕ್ಕ ಅದನ್ನು ಓದಿ, "ಅಯ್ಯೋ ನಿನ್ನ, ನನ್ನನ್ನ ಗಂಡ ಸತ್ತೋಳನ್ನ ಮಾಡ್ಬಿಟ್ಯಲ್ಲೋ, ಇನ್ನೂ ಮದುವೇನೇ ಆಗಿಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಪ್ಪನನ್ನು ಮಾತ್ರ ಅವನು ಯಾರಿಗೂ ಕೊಟ್ಟಿರಲಿಲ್ಲ. ಅಪ್ಪ ದರ್ಜಿ. ರಸ್ತೆಯಲ್ಲಿ ಗುರುತಿನವರು ಸಿಕ್ಕಿ ಮಾತಿಗೆ ನಿಂತರೆ ಅಪ್ಪನ ಕೈ ತಾನೇತಾನಾಗಿ ಅವರ ಕತ್ತಿನ ಹಿಂದಕ್ಕೆ ಹೋಗುತ್ತಿತ್ತು. ತೋರುಬೆರಳನ್ನು ಕಾಲರಿನ ಒಳಗೆ ಇಳಿಸಿ, ಹಿಂದಿನಿಂದ ಮುಂದಿನವರೆಗೂ ಸರಕ್ಕನೆ ಎಳೆದು, ಕೊನೆಗೆ ಅಂಗೈಯಿಂದ ಒಂದು ಸಲ ತಟ್ಟುವುದು. ಮಾತು ಎಲ್ಲಿಯೂ ಕಡಿಯುತ್ತಿರಲಿಲ್ಲ. ಗುರುತಿಲ್ಲದವರಿಗೂ ಮಾಡಿಬಿಡುತ್ತಿದ್ದ, ಬಸ್ಸಿನಲ್ಲಿ ಮುಂದಿನ ಸೀಟಿನವನು ಬೆಚ್ಚಿಬಿದ್ದು ತಿರುಗಿದರೆ, "ಏನಿಲ್ಲ ಸ್ವಾಮಿ, ಕೂತ್ಕೊಳಿ, ಆಯ್ತು" ಎನ್ನುತ್ತಿದ್ದ. ಸ್ಕೂಲಿಗೆ ಹೊರಟಾಗ ಬಾಗಿಲಲ್ಲಿ ಅವನಿಗೂ ಅದೇ. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಬೆರಳು ಕತ್ತಿನ ಚರ್ಮಕ್ಕೆ ತಾಗಿ ಕಚಗುಳಿಯಾಗುತ್ತಿತ್ತು, ಆಮೇಲೆ ಆ ಒಂದು ಏಟು, ಆಮೇಲೆ "ಹೂಂ, ಹೋಗು ಗುಂಡಿ." ಮನೆಯಲ್ಲಿ ಅವನ ಹೆಸರು ಗುಂಡಿ, ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಗು. ಅದನ್ನು ಬರೆಯಬೇಕು, ಆದರೆ ದೊಡ್ಡ ಪುಸ್ತಕದಲ್ಲಿ ಬರೆಯಬೇಕು, ಅಪ್ಪನಿಗೆ ತಕ್ಕುದಾದದ್ದರಲ್ಲಿ, ಎಂದು ಎತ್ತಿಟ್ಟುಕೊಂಡೇ ವಯಸ್ಸಾಯಿತು. ಆ ಪುಸ್ತಕ ಬರಲಿಲ್ಲ. ಪತ್ರಿಕೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದ ಒಂದು ಮಧ್ಯಾಹ್ನ, ಊಟ ತಣ್ಣಗಾಗುತ್ತಿದ್ದಾಗ, ಅವನ ಕೈ ಅದನ್ನು ತೆಗೆದು ಡಾಕ್ಟರಿಗೆ ಕೊಟ್ಟುಬಿಟ್ಟಿತು. ಡಾಕ್ಟರು ತಕ್ಷಣ ಎದ್ದು ನಿಂತರು. ಅವನಿಗೆ ಖುಷಿಯೂ ಆಗಿತ್ತು, ಅದನ್ನು ಅಲ್ಲಗಳೆಯುವಂತಿರಲಿಲ್ಲ.

ನಿನ್ನೆ ಅಕ್ಕನ ಹತ್ತಿರ ಹೋಗಿದ್ದ. ಅಕ್ಕ ಈಗಲೂ ಅಪ್ಪನ ಅಂಗಡಿಯ ಮೇಲಿನ ಎರಡು ಕೋಣೆಯಲ್ಲೇ ಇರುವವಳು, ಅಪ್ಪನ ಯಂತ್ರದಲ್ಲೇ ಹೊಲಿಯುವವಳು. ಕಾಲರ್ ಕೂರಿಸುವುದರಲ್ಲಿ ಅವಳ ಕೈ ಅಪ್ಪನ ಕೈಗಿಂತ ಒಂದು ತೂಕ ಮೇಲು ಎಂದು ಹಳೆಯ ಗಿರಾಕಿಗಳು ಇದ್ದಾಗ ಹೇಳುತ್ತಿದ್ದರು. ಹೊಲಿಯುವಾಗ ಮೈಗೆ ದಾರದ ಚೂರು ಮೆತ್ತಿಕೊಳ್ಳದಿರಲಿ ಎಂದು ಬಟ್ಟೆಯ ಮೇಲೆ ಅಪ್ಪನ ಹಳೆಯ ಅಂಗಿಯೊಂದನ್ನು ತೊಟ್ಟಿರುತ್ತಾಳೆ. ತೋಳು ಮಡಚಿದ್ದು, ಬಣ್ಣ ಯಾವುದೆಂದು ಹೇಳಲಾಗದ್ದು. ಅವನು ಮೆಟ್ಟಿಲು ಹತ್ತಿ ಬಂದದ್ದು ಗೊತ್ತಾದರೂ ಅವಳು ತಲೆ ಎತ್ತಲಿಲ್ಲ. ಅವಳು ಪತ್ರಿಕೆ ಓದುವವಳಲ್ಲ, ಆದ್ದರಿಂದ ಅವನು ಧೈರ್ಯವಾಗಿದ್ದ. ಪೋಸ್ಟರಿನ ಬಗ್ಗೆ ಯೋಚಿಸಿರಲಿಲ್ಲ.

"ಕೆಳಗೆ ಅಂಗಡಿ ಶಟರಿಗೇ ಅಂಟಿಸಿ ಹೋಗಿದಾರೆ ನೋಡಿದ್ಯಾ?" ಎಂದಳು, ಯಂತ್ರ ನಿಲ್ಲಿಸದೆ.

"ನೋಡ್ದೆ."

"ಆ ಕೈ ಯಾರ್ದೋ?"

"ಅಕ್ಕ, ಅದೊಂದು ಬರವಣಿಗೆ. ನಾನು ಎಲ್ಲದಕ್ಕೂ ಮನೇದೇ ತಾನೆ ತಗೊಳ್ಳೋದು. ನಿನ್ನನ್ನೂ ತಗೊಂಡಿದೀನಿ."

"ಕಥೇಲಿ ಹಾಕ್ದಾಗ ಎಲ್ಲೂ ಹೋಗ್ಲಿಲ್ಲ ಕಣೋ, ಅಲ್ಲೇ ಇತ್ತು. ಹೋಗಿ ಓದಿದ್ರೆ ಸಿಗ್ತಿತ್ತು. ಇದು ಹಾಗಲ್ಲ. ಅಪ್ಪನ ಮೈಯಿಂದ ಬಿಚ್ಚಿ ಅವನಿಗೆ ತೊಡಿಸ್ದೆ. ಈಗ ಬೀದೀಲಿ ಯಾರನ್ನ ಕೇಳಿದ್ರೂ ಅದು ಡಾಕ್ಟ್ರುದು ಅಂತಾರೆ. ನಾನು ನಮ್ಮಪ್ಪಂದು ಅಂದ್ರೆ, ಓ ಇವಳೂ ಪ್ರಚಾರಕ್ಕೆ ಸೇರ್ಕೊಂಡ್ಳು ಅಂತಾರೆ." ಯಂತ್ರ ನಿಂತಿತು. ಅವಳ ಕಣ್ಣಲ್ಲಿ ನೀರಿಲ್ಲದಿದ್ದುದಕ್ಕೇ ಅವನಿಗೆ ಹೆದರಿಕೆಯಾಯಿತು. "ನಾಳೆ ಸಭೇಲಿ ನೀನು ಮಾತಾಡ್ತೀಯಂತಲ್ಲ. ಅಲ್ಲಿ ಹೇಳು. ಇದು ಡಾಕ್ಟ್ರು ಮಾಡಿದ್ದಲ್ಲ, ನಮ್ಮಪ್ಪ ಮಾಡ್ತಿದ್ದಿದ್ದು, ನಾನು ಸುಳ್ಳು ಬರ್ದೆ ಅಂತ. ಹೇಳಿದ್ರೆ ಬಾ. ಇಲ್ದಿದ್ರೆ ಈ ಮೆಟ್ಟಿಲು ಹತ್ತಬೇಡ."

"ಅಕ್ಕ, ಇನ್ನು ನಾಲ್ಕೇ ದಿನಕ್ಕೆ ಓಟು. ಹಾಗೆ ಹೇಳಿದ್ರೆ ಆ ಗುತ್ತಿಗೆದಾರ ಗೆದ್ದುಬಿಡ್ತಾನೆ."

"ಗೆಲ್ಲಲಿ ಬಿಡು. ನಂಗೇನು ಅವನು ಭಾವನೋ ಇವನು ಭಾವಮೈದನೋ?" ಎಂದು ಅಕ್ಕ ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದಳು.

ಇವತ್ತು ಮಧ್ಯಾಹ್ನ ಮನೆಯಲ್ಲಿ ಕೂರಲಾರದೆ ಅವನು ಬೇಗನೇ ಹೊರಟ. ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿ ಚಪ್ಪಲಿ ಮೆಟ್ಟಿದವನು ರಸ್ತೆಯ ತಿರುವಿನವರೆಗೆ ಬರುವುದರೊಳಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದ, ಅದರಾಚೆಗೆ ಹೇಳದಿದ್ದರೆ ಏನು ಎಂದು. ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಅವಳ ಹೊರತು ಅಪ್ಪನನ್ನು ಕಂಡವರು ಈ ಊರಿನಲ್ಲಿ ಇನ್ನು ಯಾರಿದ್ದಾರೆ? ಆ ಮೆಟ್ಟಿಲು ತಪ್ಪಿದರೆ ಅವನನ್ನು ಗುಂಡಿ ಎಂದು ಕರೆಯುವ ಬಾಯಿ ಭೂಮಿಯ ಮೇಲೆ ಇರುವುದಿಲ್ಲ. ಟೀ ಅಂಗಡಿಯ ಮುಂದೆ ಇಬ್ಬರು ಯುವಕರು ಒಬ್ಬರ ಕಾಲರನ್ನೊಬ್ಬರು ಸರಿಮಾಡಿ ಬಿದ್ದುಬಿದ್ದು ನಗುತ್ತಿದ್ದರು. ಊರಿನಲ್ಲಿ ಈಗ ಇದೊಂದು ಆಟ. ಎಲ್ಲರೂ ಪೋಸ್ಟರಿನ ಡಾಕ್ಟರ ಹಾಗೆಯೇ, ಮುಂದಿನಿಂದ, ಎರಡೂ ಕೈಯಲ್ಲಿ, ಕನ್ನಡಿ ನೋಡಿಕೊಂಡು ತಮ್ಮದೇ ಕಾಲರು ಸರಿಮಾಡಿಕೊಂಡಂತೆ. ತಪ್ಪು ಅವನದೇ, ಬೆರಳಾಡಿಸಿ ಎಂದಷ್ಟೇ ಬರೆದಿದ್ದ. ಹಿಂದಿನಿಂದ ಎಂದು ಬರೆದಿರಲಿಲ್ಲ, ತೋರುಬೆರಳು ಎಂದು ಬರೆದಿರಲಿಲ್ಲ, ತಟ್ಟುವುದನ್ನು ಬರೆದಿರಲಿಲ್ಲ. ಅಷ್ಟನ್ನಾದರೂ ಉಳಿಸಿಕೊಂಡೆನಲ್ಲ ಎಂದು ಮೊದಲು ಸಮಾಧಾನವಾಗಿತ್ತು. ಇತ್ತೀಚೆಗೆ ರಾತ್ರಿ ಮಲಗಿ ಅಪ್ಪನ ಕೈಯನ್ನು ನೆನೆಸಿಕೊಂಡರೆ ಅದು ಮುಂದಿನಿಂದ ಬರುತ್ತಿತ್ತು, ಎರಡೂ ಕೈಯಾಗಿ. ಅವನು ಎದ್ದು ಕೂತು ಬಿಡುತ್ತಿದ್ದ.

ಪ್ರಚಾರದ ಕಚೇರಿ ವ್ಯಾಪಾರ ನಿಂತುಹೋದ ಪಾತ್ರೆ ಅಂಗಡಿಯೊಂದರಲ್ಲಿತ್ತು. ಹಲ್ಲಿನ ಡಾಕ್ಟರು ಒಬ್ಬರೇ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಇವನನ್ನು ಕಂಡು ಎದ್ದು ನಿಂತು, ಹಣ್ಣನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಳ್ಳಲು ಹೋದರು. ಪಾಪ ಎನ್ನಿಸಿತು. ಹೇಳಬೇಕಾದ್ದನ್ನು ಇವರಿಗೇ ಮೊದಲು ಹೇಳಿಬಿಟ್ಟರೆ ಎಂದು ಬಾಯಿ ತೆರೆದ. "ಡಾಕ್ಟ್ರೇ, ಆ ಹಮಾಲಿ ವಿಷಯ…"

"ಅದನ್ನೇ ನಿಮ್ಮ ಹತ್ರ ಮಾತಾಡ್ಬೇಕು ಅಂತಿದ್ದೆ ಸಾರ್," ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ. "ತಪ್ಪು ತಿಳ್ಕೋಬೇಡಿ. ಯಾವತ್ತು ಮಾಡಿದ್ದೆ ಅಂತ ನಂಗೆ ನೆನಪೇ ಇಲ್ಲ. ಓದಿದಾಗ ನಾಚಿಕೆ ಆಯ್ತು. ಇಂಥ ದೊಡ್ಡೋರು ನೋಡಿ ಬರ್ದಿದಾರೆ ಅಂದ್ಮೇಲೆ ಮಾಡಿರ್ತೀನಿ ಅಂದ್ಕೊಂಡೆ. ಆಮೇಲೆ ಒಂದಿನ ಯಾರಿಗೋ ಮಾಡಿ ನೋಡ್ದೆ. ನಿಜ ಹೇಳ್ತೀನಿ ಸಾರ್, ನಾನು ಜನರನ್ನ ಹಲ್ಲು ಬಿಟ್ಟು ಬೇರೆ ಎಲ್ಲೂ ಮುಟ್ಟಿದವನೇ ಅಲ್ಲ. ಬಾಯಿ ತೆಗೀರಿ, ಬಾಯಿ ಮುಚ್ಚಿ, ಇಷ್ಟೇ ನಂಗೆ ಗೊತ್ತಿದ್ದಿದ್ದು. ಈಗ ಕಾಲರ್ ಮುಟ್ಟಿದ್ರೆ ಒಬ್ಬೊಬ್ಬರು ಅತ್ತೇ ಬಿಡ್ತಾರೆ. ಯಾಕೆ ಸಾರ್ ಅಳ್ತಾರೆ?"

ಇವನಿಗೆ ಉತ್ತರ ಗೊತ್ತಿತ್ತು. ಡಾಕ್ಟರ ಮುಖದಲ್ಲಿ ನಟನೆಯ ಸುಳಿವೂ ಇರಲಿಲ್ಲ. ಕೊಟ್ಟ ಬಟ್ಟೆ ತನ್ನ ಅಳತೆಯದೇ ಎಂದು ನಂಬಿ ತೊಟ್ಟುಕೊಂಡು ಬೆಳೆದವರ ಹಾಗಿದ್ದರು. ಕಳ್ಳನಾಗಿದ್ದರೆ ಕಿತ್ತುಕೊಳ್ಳುವುದು ಸುಲಭವಿತ್ತು. ಅಷ್ಟರಲ್ಲಿ ಉಸ್ತುವಾರಿಯ ಹೆಂಗಸು ಬಾಗಿಲಲ್ಲಿ ನಿಂತು, "ಇನ್ನೂ ಹಣ್ಣೇ ಮುಗಿದಿಲ್ವಾ? ಜನ ಕಾದು ಕಾದು ಗೋಡೆಗೆ ಓಟು ಹಾಕಿ ಹೋಗ್ತಾರೆ ಅಷ್ಟೇ, ಬನ್ನಿ ಬನ್ನಿ" ಎಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದಳು.

ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ ಇನ್ನೂ ಬಿಸಿಲಿತ್ತು. ವೇದಿಕೆಯ ಮೇಲೆ ಕೂತಾಗ ಅವನು ಮೊದಲು ಹುಡುಕಿದ್ದು ಅಕ್ಕನನ್ನು. ಎರಡನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ಓರೆಯಾಗಿ ಕೂತಿದ್ದಳು, ಮಡಿಲಲ್ಲಿ ಚೀಲ. ಅವಳನ್ನು ಕಂಡಿದ್ದೇ ಅವನಿಗೆ ಎದೆ ಹಗುರಾಯಿತು. ಹೇಳುತ್ತೇನೆ, ಖಂಡಿತ ಹೇಳುತ್ತೇನೆ, ಹೇಳಿ ಇಳಿದು ಅವಳ ಜೊತೆ ನಡೆದುಕೊಂಡು ಹೋಗಿ ಆ ಕೋಣೆಯಲ್ಲಿ ಕೂತು ಟೀ ಕುಡಿಯುತ್ತೇನೆ, ಅಪ್ಪನ ಮಾತಾಡುತ್ತೇನೆ. ಸಾಹಿತಿಗಳು ಈಗ ಮಾತಾಡುತ್ತಾರೆ ಎಂದು ಮೈಕಿನಲ್ಲಿ ಕೂಗಿದರು. ಅವನು ಎದ್ದು ಮೈಕಿನವರೆಗೆ ನಡೆದ. ಅಲ್ಲಿ ಡಾಕ್ಟರು ನಿಂತಿದ್ದರು. ಬೆಳಗಿನಿಂದ ಒಳಕ್ಕೆ ಮಡಚಿಕೊಂಡೇ ಇದ್ದ ಕಾಲರಿನ ತುದಿ ಅವರ ಕಣ್ಣಿಗೆ ಬಿತ್ತು. ಜನ ಶಿಳ್ಳೆ ಹೊಡೆದರು. ಡಾಕ್ಟರು ಸಂಕೋಚದಿಂದ ನಕ್ಕು ಎರಡೂ ಕೈ ಚಾಚಿದರು.

ತಣ್ಣಗಿನ ಬೆರಳು. ಲವಂಗದೆಣ್ಣೆಯ ವಾಸನೆ. ಅಪ್ಪನದಲ್ಲ, ಯಾವ ರೀತಿಯಲ್ಲೂ ಅಪ್ಪನದಲ್ಲ. ಆದರೆ ಆ ಜಾಗವನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತು! ಹೆಂಡತಿ ಮುಟ್ಟಿರಲಿಲ್ಲ, ಮಕ್ಕಳು ಮುಟ್ಟಿರಲಿಲ್ಲ; ಶಾಲು ಹೊದಿಸುವವರು ಕೂಡ ಹೆಗಲನ್ನಷ್ಟೇ ಮುಟ್ಟಿದ್ದರು. ಅವನ ಕತ್ತು ತಾನಾಗಿ ಮುಂದಕ್ಕೆ ಬಾಗಿತು, ಸ್ಕೂಲಿಗೆ ಹೊರಟಾಗ ಮನೆಯ ಬಾಗಿಲಲ್ಲಿ ಬಾಗುತ್ತಿದ್ದಂತೆ. ಕಣ್ಣು ಮುಚ್ಚಿಕೊಂಡ. ಬೆಳಗಿನಿಂದ ಕಾಲರನ್ನು ಯಾಕೆ ಸರಿಮಾಡಿಕೊಳ್ಳಲಿಲ್ಲ ಎಂಬುದು ಆಗ ಅವನಿಗೆ ಗೊತ್ತಾಯಿತು, ಗೊತ್ತಾಗಿ ಮೈಯೆಲ್ಲ ಬಿಸಿಯಾಯಿತು. ಕೊನೆಯ ತಟ್ಟು ಬರಲಿಲ್ಲ. ಅದಕ್ಕಾಗಿ ಕಾಯುತ್ತ ನಿಂತ.

"ನಮ್ಮಪ್ಪ ದರ್ಜಿ," ಎಂದು ಶುರುಮಾಡಿದ. ಸರಿಯಾಗಿಯೇ ಶುರುಮಾಡಿದ್ದ. "ಕಾಲರ್ ಸರಿಮಾಡ್ತಾ ಇದ್ದಿದ್ದು ನಮ್ಮಪ್ಪ." ಅಕ್ಕ ತಲೆ ಎತ್ತಿದಳು. ಇನ್ನೊಂದೇ ವಾಕ್ಯ ಬೇಕಿತ್ತು, ನಾನು ಬರೆದದ್ದು ಸುಳ್ಳು ಎಂಬ ಒಂದೇ ವಾಕ್ಯ. ಆದರೆ ಕೇಳುತ್ತಿದ್ದ ಮುಖಗಳು ಎಷ್ಟು ಆಸೆಯಿಂದ ಮೇಲೆ ನೋಡುತ್ತಿದ್ದವು ಎಂದರೆ, ವಾಕ್ಯ ಅವನ ಅಪ್ಪಣೆ ಕೇಳದೆ ತನಗೆ ಬೇಕಾದ ಕಡೆ ತಿರುಗಿಕೊಂಡಿತು. ಜೀವಮಾನವಿಡೀ ವಾಕ್ಯಗಳಿಗೆ ಹಾಗೆ ತಿರುಗಲು ಕಲಿಸಿದವನು ಅವನೇ. "ಅಪ್ಪ ಹೋದ್ಮೇಲೆ ಆ ಬೆರಳು ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೆ. ಇವತ್ತು ಸಿಕ್ತು. ಇಲ್ಲೇ, ಈ ವೇದಿಕೆ ಮೇಲೆ ಸಿಕ್ತು." ಬಯಲು ಹೋ ಎಂದಿತು. ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಡಾಕ್ಟರು ಬೆಪ್ಪಾಗಿ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಅವನು ಎರಡನೆಯ ಸಾಲಿನತ್ತ ನೋಡಿದಾಗ ಕೊನೆಯ ಕುರ್ಚಿ ಖಾಲಿಯಾಗಿತ್ತು.

ಹತ್ತಬೇಡ ಎಂದಿದ್ದ ಮೆಟ್ಟಿಲನ್ನು ಅವನು ಹತ್ತಿದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಶಟರಿನ ಮೇಲಿನ ಪೋಸ್ಟರನ್ನು ಯಾರೋ ಅರ್ಧ ಕಿತ್ತಿದ್ದರು, ಇಲ್ಲವೆ ಅದೇ ಬಿಟ್ಟುಕೊಂಡಿತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಅಪ್ಪನ ಅಂಗಿ ತೊಟ್ಟು ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ, ದೀಪವನ್ನೂ ಹಾಕಿರಲಿಲ್ಲ. ಬೈಯಲಿ, ಹೊರಗೆ ನಡಿ ಎನ್ನಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಅವನು ಹೊಸ್ತಿಲಲ್ಲೇ ನಿಂತ. "ಹೇಳ್ಬೇಕು ಅಂತಾನೇ ಹೋಗಿದ್ದೆ ಅಕ್ಕ" ಎಂದ.

"ಗೊತ್ತು. ಕೇಳಿಸ್ಕೊಂಡೆ."

"ಬೈಯಿ."

"ಬೈದು ಬೈದು ಸಾಕಾಗಿದೆ." ಅವಳು ಮೇಜಿನ ಮೇಲಿನ ಬಟ್ಟೆಯ ಚೂರನ್ನು ಮಡಚಿದಳು, ಬಿಚ್ಚಿದಳು. "ಅವನು ಮುಟ್ಟಿದಾಗ ಕಣ್ಣು ಮುಚ್ಕೊಂಡ್ಯಲ್ಲ."

ಅವನು ತಲೆ ತಗ್ಗಿಸಿದ.

"ಹೇಗಿತ್ತೋ?"

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವನು ಗಾಬರಿಯಾಗಿ ಅವಳ ಮುಖ ನೋಡಿದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ.

"ಅಪ್ಪ ಮಾಡಿದ್ರೆ ಹೇಗಿರ್ತಿತ್ತು ಅಂತ ನಂಗೆ ಗೊತ್ತಿಲ್ಲ ಕಣೋ ಗುಂಡಿ. ನಂಗೆ ಯಾವತ್ತೂ ಮಾಡ್ಲಿಲ್ಲ. ಫ್ರಾಕಿಗೆಲ್ಲಿತ್ತು ಕಾಲರ್? ನೀನು ಬಾಗಿಲಲ್ಲಿ ಕತ್ತು ಬಗ್ಗಿಸ್ಕೊಂಡು ನಿಲ್ತಿದ್ದೆ, ನಾನು ನಿನ್ನ ಹಿಂದೆ ಬ್ಯಾಗ್ ಹಿಡ್ಕೊಂಡು ನಿಲ್ತಿದ್ದೆ. ಹೂಂ ಹೋಗು ಗುಂಡಿ ಅಂತಿದ್ದ, ನೀನೂ ಹೋಗಮ್ಮ ಅಂತಿದ್ದ. ಅಷ್ಟೇ." ಅವಳು ಸ್ವಲ್ಪ ನಕ್ಕಳು. "ಒಂದ್ಸಲ ಉಳಿದ ಬಟ್ಟೇಲಿ ನಾನೇ ಒಂದು ಕಾಲರ್ ಹೊಲ್ಕೊಂಡು ಫ್ರಾಕಿಗೆ ಹಾಕ್ಕೊಂಡೆ. ಅವನ ಮುಂದೆ ಅತ್ಲಾಗೆ ಇತ್ಲಾಗೆ ಓಡಾಡ್ದೆ. ನೋಡ್ದ. ಹತ್ರ ಕರ್ದ. ಎದೆ ಹೊಡ್ಕೋತಾ ಇತ್ತು ನಂಗೆ. ಸುತ್ತ ಒಂದ್ಸಲ ನೋಡಿ, ಎಷ್ಟು ಚೆನ್ನಾಗಿ ಕೂರಿಸಿದೀಯಮ್ಮ, ಒಂದಿಷ್ಟೂ ಸೊಟ್ಟ ಇಲ್ಲ ಅಂದ. ಅಷ್ಟು ಹೇಳಿ ಕತ್ತರಿ ತಗೊಂಡು ಕೆಲಸಕ್ಕೆ ಹೋದ."

ಕೆಳಗಿನ ರಸ್ತೆಯಲ್ಲಿ ಡಾಕ್ಟರ ಪ್ರಚಾರದ ಗಾಡಿ ಕೂಗಿಕೊಂಡು ಹೋಯಿತು. ಸದ್ದು ಮರೆಯಾಗುವವರೆಗೆ ಅಕ್ಕ ಕಾದಳು.

"ಸೊಟ್ಟಗೆ ಹೊಲೀಬೇಕಿತ್ತು," ಎಂದಳು. "ದಡ್ಡಿ ನಾನು."

ಮನೆಯಿಂದ ಏನೆಲ್ಲವನ್ನೂ ಹೊತ್ತುಕೊಂಡು ಹೋಗಿ ಬರೆದವನಿಗೆ ಬಾಗಿಲಲ್ಲಿ ತನ್ನ ಬೆನ್ನ ಹಿಂದೆ ನಿಂತವಳು ಕಂಡಿರಲಿಲ್ಲ. ನಿನ್ನೆ ಅವಳು ಸಿಟ್ಟಾದದ್ದು ಇದ್ದದ್ದನ್ನು ಕಳೆದುಕೊಂಡದ್ದಕ್ಕಲ್ಲ, ಸಿಗದೆ ಉಳಿದದ್ದನ್ನೂ ಊರಿಗೆಲ್ಲ ಹಂಚಿಬಿಟ್ಟನಲ್ಲ ಎಂದು. ಏನು ಹೇಳಿದರೂ ಮಾತು ಮತ್ತೆ ತನಗೆ ಬೇಕಾದ ಕಡೆ ತಿರುಗೀತು ಎಂದು ಹೆದರಿ ಅವನು ಸುಮ್ಮನೆ ಹೋಗಿ ಅಕ್ಕನ ಕುರ್ಚಿಯ ಹಿಂದೆ ನಿಂತ. ಅಪ್ಪನ ಅಂಗಿಯ ಕಾಲರು ಒಗೆದು ಒಗೆದು ಮೆತ್ತಗಾಗಿ ಒಂದು ಕಡೆ ಮುದುರಿಕೊಂಡಿತ್ತು. ಅದರ ಮೇಲೆ ಅಕ್ಕನ ನರೆತ ಕೂದಲು. ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು, ಯಾವ ಬೆರಳು, ಎಲ್ಲಿಂದ ಶುರು, ಎಷ್ಟು ಒತ್ತಿ, ಒಂದೂ ಬರಲಿಲ್ಲ. ನೆನೆಸಿಕೊಂಡಷ್ಟೂ ತಣ್ಣಗಿನ ಬೆರಳು, ಲವಂಗದೆಣ್ಣೆ. ಆದರೂ ತೋರುಬೆರಳನ್ನು ಕಾಲರಿನ ಒಳಗೆ ಇಳಿಸಿ, ಹಿಂದಿನಿಂದ ಮುಂದಿನವರೆಗೆ ಮೆಲ್ಲಗೆ ಎಳೆದ. ಕೊನೆಗೆ ಅಂಗೈಯಿಂದ ಒಂದು ಸಲ ತಟ್ಟಿದ. ತೀರ ಮೆತ್ತಗಾಯಿತು.

"ಹೀಗೇನಾ?" ಎಂದಳು ಅಕ್ಕ. ಅವಳ ಕತ್ತು ಮುಂದಕ್ಕೆ ಬಾಗಿತ್ತು.

"ಹೂಂ ಅಕ್ಕ. ಹೀಗೇ. ಥೇಟ್ ಹೀಗೇ."

ಅಕ್ಕ ಎಷ್ಟೋ ಹೊತ್ತು ಕತ್ತು ಎತ್ತಲಿಲ್ಲ. ಆಮೇಲೆ ಕೈಯನ್ನು ಹಿಂದಕ್ಕೆ ತಂದು, ಸರಿಯಾಗಿಯೇ ಕೂತಿದ್ದ ಇನ್ನೊಂದು ಬದಿಯ ಕಾಲರನ್ನು ಬೆರಳಿನಿಂದ ಎತ್ತಿ ಸೊಟ್ಟ ಮಾಡಿ, "ಈ ಕಡೆ ನೋಡು, ಸರಿ ಇಲ್ಲ" ಎಂದಳು.